ಶಾಯಿದ್ವೀಪದ ಸೇತುವೆ ಮಸೂದೆ

ದೇಶ ಕಟ್ಟುವುದಕ್ಕೆ ನಲವತ್ತು ಪುಟದ ನೋಟ್‌ಬುಕ್ಕು ಸಾಕು. ಆಳುವುದಕ್ಕೆ ಇನ್ನೂರು ಪುಟದ್ದೂ ಸಾಲದು. ಇದನ್ನು ನಾನು ಆಳಿಯೇ ತಿಳಿದವನು.

ನಮ್ಮ ದೇಶ ಹುಟ್ಟಿದ್ದು ಸಾಗರದ ನಮ್ಮ ಮನೆಯ ಜಗಲಿಯಲ್ಲಿ, ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟಿದ್ದ ದಿನ. ಅತ್ತೆಯ ಮಗ, ಅಂದರೆ ನನ್ನ ಭಾವ, ಪೆನ್ನಿಗೆ ಶಾಯಿ ತುಂಬಲು ಹೋಗಿ ಬ್ರಿಲ್ ಬಾಟಲಿಯನ್ನು ಭೂಗೋಳದ ನೋಟ್‌ಬುಕ್ಕಿನ ಮೇಲೆ ಕೆಡವಿದ. ಒಣಗಿದ ಮೇಲೆ ನೋಡಿದರೆ ಪೂರ್ವಕ್ಕೊಂದು ಕೊಲ್ಲಿ, ಪಶ್ಚಿಮಕ್ಕೊಂದು ಭೂಶಿರ, ದಕ್ಷಿಣಕ್ಕೆ ಸಿಡಿದ ಹನಿಗಳ ದ್ವೀಪಸಮೂಹ. ಬ್ರಹ್ಮನಿಗೂ ಇಷ್ಟು ಬೇಗ ಆಗಿರಲಿಕ್ಕಿಲ್ಲ. ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಶಾಯಿದ್ವೀಪ ಎಂದು ಹೆಸರಿಟ್ಟೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ಜನ ನಗುತ್ತಾರೆ. ನಾವು ಪ್ರಜೆಗಳು ಹುಟ್ಟುವ ಮುಂಚೆಯೇ ಅವರ ಮೇಲೆ ಕಂದಾಯ ಹಾಕಿದೆವು.

ದ್ವೀಪವೇ ಯಾಕೆ ಎಂದರೆ, ಶಾಯಿ ಚೆಲ್ಲಿದ್ದು ಹಾಗೆ. ಆದರೆ ಅದು ದ್ವೀಪವಾದದ್ದು ನನಗೆ ಒಳಗೊಳಗೇ ಖುಷಿಯಾಗಿತ್ತು. ಆ ಕಾಲಕ್ಕೆ ಸಂಜೆಯಾದರೆ ಅಪ್ಪ, ಚಿಕ್ಕಪ್ಪ ಎಲೆಯಡಿಕೆ ಹರಿವಾಣ ಮುಂದಿಟ್ಟುಕೊಂಡು ಮಹಾಜನ ವರದಿಗೆ ಕೂರುತ್ತಿದ್ದರು. ಬೆಳಗಾವಿ ಮುಗಿದರೆ ಕಾಸರಗೋಡು, ಅದೂ ಮುಗಿದರೆ 1924ರ ಕಾವೇರಿ ಒಪ್ಪಂದ. ಸುತ್ತ ಸಮುದ್ರವಿದ್ದರೆ ಗಡಿಯ ತಂಟೆ ಇಲ್ಲ, ನೀರು ಕೇಳುವ ನೆರೆಯವನಿಲ್ಲ, ಹರಿವಾಣದ ಅಡಿಕೆಯೂ ಉಳಿಯುತ್ತದೆ ಎಂಬುದು ನನ್ನ ರಾಜನೀತಿ.

ಗಡಿ ತಂಟೆ ಒಳಗಿನಿಂದಲೂ ಹುಟ್ಟುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಡುವೆ ಒಂದು ಬೆಟ್ಟಸಾಲು ಎಳೆದು ಉತ್ತರ ನನಗೆ, ದಕ್ಷಿಣ ಭಾವನಿಗೆ ಎಂದು ಪಾಲು ಮಾಡಿದೆವು. ತಂಗಿ ಅಳುತ್ತಿದ್ದಳೆಂದು ಸಿಡಿದ ಹನಿಗಳನ್ನು ಕೇಂದ್ರಾಡಳಿತ ಪ್ರದೇಶ ಮಾಡಿ ಅವಳ ಕೈಗೆ ಹಾಕಿದೆವು. ಮನೆಯಲ್ಲಿ ಇದ್ದದ್ದು ಒಂದೇ ಕೆಂಪು-ನೀಲಿ ಪೆನ್ಸಿಲು. ಅದರ ಕೆಂಪು ತುದಿಯೆಲ್ಲ ಉತ್ತರದವರ ರಸ್ತೆಗೇ ಖರ್ಚಾಗುತ್ತಿದೆ, ದಕ್ಷಿಣಕ್ಕೆ ಮಲತಾಯಿ ಧೋರಣೆ ಎಂದು ಭಾವ ಚಳವಳಿ ಹೂಡಿದ. ತಂಗಿಯಂತೂ ಒಂದು ಮಾತೂ ಆಡದೆ ಸ್ವಾತಂತ್ರ್ಯ ಘೋಷಿಸಿ, ಅಡುಗೆಮನೆಗೆ ಹೋಗಿ ಅಜ್ಜಿಯ ಜೊತೆ ಒಪ್ಪಂದ ಮಾಡಿಕೊಂಡು ಬಂದಳು. ಮಧ್ಯಾಹ್ನದ ಹೊತ್ತಿಗೆ ಅವಳ ದೇಶಕ್ಕೆ ಕೋಡುಬಳೆ ನೆರವು ಬಂತು. ನಮಗೆ ಬರಲಿಲ್ಲ. ಸಣ್ಣ ರಾಷ್ಟ್ರಗಳ ವಿದೇಶಾಂಗ ನೀತಿಯನ್ನು ನಾನು ಅಂದಿನಿಂದ ಹಗುರವಾಗಿ ಕಂಡಿಲ್ಲ.

ಭಾವ ದಕ್ಷಿಣದಲ್ಲಿ ಒಂದು ಮಹಾನದಿ ಹರಿಸಿದ್ದ. ಕೊಲ್ಲಿಯಲ್ಲಿ ಹುಟ್ಟಿ, ಬೆಟ್ಟ ಹತ್ತಿ, ಆಚೆ ಸಮುದ್ರಕ್ಕೆ ಇಳಿಯುತ್ತಿತ್ತು. ನೋಟ್‌ಬುಕ್ಕು ಭೂಗೋಳದ ಮೇಷ್ಟರ ಕೈಗೆ ಸಿಕ್ಕಾಗ ಬೆತ್ತ ಬೀಳುತ್ತದೆ ಎಂದು ಕೈ ಚಾಚಿದ್ದೆವು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಈ ಹೊಳೆಗೆ ಎಷ್ಟು ಎಚ್‌ಪಿ ಪಂಪ್‌ಸೆಟ್ ಇಟ್ಟಿದ್ದೀಯೋ?" ಎಂದು ಮಾತ್ರ ಕೇಳಿದರು. ನಮ್ಮ ದೇಶಕ್ಕೆ ಸಿಕ್ಕ ಮೊದಲ ಅಂತರರಾಷ್ಟ್ರೀಯ ಮಾನ್ಯತೆ ಅದು.

ಕಾನೂನು ಬರೆಯುವುದು ಸುಲಭವಾಗಿತ್ತು, ಯಾಕೆಂದರೆ ಮುರಿಯುವವರು ಯಾರೆಂದು ಮೊದಲೇ ಗೊತ್ತಿತ್ತು. ಮಂಗಳವಾರ ಯಾರೂ ಉಪ್ಪಿಟ್ಟು ಮಾಡತಕ್ಕದ್ದಲ್ಲ. ಮನೆಗೆ ಬಂದ ನೆಂಟರು ಮಕ್ಕಳಿಗೆ ಮಗ್ಗಿ ಕೇಳುವ ಮೊದಲು ತಾವು ಹತ್ತೊಂಬತ್ತರ ಮಗ್ಗಿ ಒಪ್ಪಿಸತಕ್ಕದ್ದು. ಜ್ವರ ಬಂದವರಿಗೆ ಕಷಾಯವೋ ಮಾತ್ರೆಯೋ, ಎರಡರಲ್ಲಿ ಒಂದು ಮಾತ್ರ. ಹೀಗೆ ಸಂವಿಧಾನ ಬೆಳೆಯುತ್ತಿದ್ದರೆ, ಒಳಗೆ ಅಜ್ಜಿ ಒಂದಕ್ಷರ ಬರೆಯದೆ ನಮಗಿಂತ ದೊಡ್ಡ ಸಂವಿಧಾನ ನಡೆಸುತ್ತಿದ್ದಳು: ಹೊಸ್ತಿಲ ಮೇಲೆ ಕೂರಬಾರದು, ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು, ರಾತ್ರಿ ಸಿಳ್ಳೆ ಹಾಕಬಾರದು. ತಿದ್ದುಪಡಿಗೆ ಅವಕಾಶವಿಲ್ಲ, ಮೇಲ್ಮನವಿಗೆ ನ್ಯಾಯಾಲಯವಿಲ್ಲ. ಬ್ರಿಟನ್ನಿನಲ್ಲೂ ಒಂದೇ ಹೊತ್ತಗೆಯಾಗಿ ಬರೆದಿಟ್ಟ ಸಂವಿಧಾನವಿಲ್ಲ ಎಂದು ಹೈಸ್ಕೂಲಿನಲ್ಲಿ ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಇದು ನಮ್ಮ ಜಗಲಿಗಷ್ಟೇ ಹಿಡಿದ ಹುಚ್ಚಲ್ಲ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಲೈಬ್ರರಿಯಲ್ಲಿ. 1826ರಲ್ಲಿ ಇಂಗ್ಲೆಂಡಿನ ಹಾವರ್ತ್ ಎಂಬ ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ, ಲೀಡ್ಸ್‌ಗೆ ಹೋಗಿ ಬರುವಾಗ ಮಗ ಬ್ರಾನ್ವೆಲ್‌ಗೆಂದು ಮರದ ಸಿಪಾಯಿಗಳನ್ನು ತಂದರು. ಷಾರ್ಲೆಟ್, ಎಮಿಲಿ, ಆನ್ ಮೂವರೂ ಒಂದೊಂದು ಸಿಪಾಯಿ ಕಿತ್ತುಕೊಂಡು ಹೆಸರಿಟ್ಟರು. ಅಲ್ಲಿಂದ ಶುರುವಾದ ಆಟ ರಾಜ್ಯಗಳಾಯಿತು. ಅಣ್ಣ ಮತ್ತು ದೊಡ್ಡಕ್ಕ ಕಟ್ಟಿದ್ದು ಆಂಗ್ರಿಯಾ. ಚಿಕ್ಕವರಿಬ್ಬರು ಹೊರಬಿದ್ದು ಉತ್ತರ ಪೆಸಿಫಿಕ್‌ನಲ್ಲಿ ಗೊಂಡಲ್ ಎಂಬ ದ್ವೀಪ ಮಾಡಿಕೊಂಡರು. (ನಮ್ಮ ಗುಜರಾತಿನ ಗೊಂಡಲ್ ಬೇರೆ.) ಹಿರಿಯರ ದರ್ಬಾರು ಸಾಕಾಗಿರಬೇಕು ಎಂದು ನನ್ನ ಊಹೆ, ತಂಗಿಯ ಕೋಡುಬಳೆ ಒಪ್ಪಂದ ಕಂಡವನಿಗೆ ಹಾಗೆ ಅನ್ನಿಸದೆ ಇರುವುದಿಲ್ಲ. 1845ರಲ್ಲಿ, ಎಮಿಲಿಗೆ ಇಪ್ಪತ್ತೇಳು ತುಂಬುತ್ತಾ ಬಂದಾಗಲೂ ಅವಳು ಮತ್ತು ಆನ್ ಯಾರ್ಕ್‌ಗೆ ರೈಲಿನಲ್ಲಿ ಹೋಗುತ್ತಾ ದಾರಿಯುದ್ದಕ್ಕೂ ಗೊಂಡಲ್‌ನ ರಾಜಕುಮಾರ ರಾಜಕುಮಾರಿಯರಾಗಿಯೇ ಇದ್ದರು. ನಮ್ಮಲ್ಲಿ ಆ ವಯಸ್ಸಿಗೆ ಜಾತಕ ಹಿಡಿದು ಮನೆಮನೆ ಸುತ್ತುತ್ತಿದ್ದರು. ಗೊಂಡಲ್‌ನ ಗದ್ಯ ಚರಿತ್ರೆಗಳೆಲ್ಲ ಕಳೆದುಹೋಗಿ ಕವಿತೆಗಳಷ್ಟೇ ಉಳಿದವು. ಶಾಯಿದ್ವೀಪದ ಪತ್ರಾಗಾರವನ್ನು ಒರಲೆ ತಿಂದಿತು. ಅದರಲ್ಲಿ ಕವಿತೆ ಇರಲೇ ಇಲ್ಲ.

ದೊಡ್ಡವರಾದ ಮೇಲೂ ಬಿಡದೆ ಆಡಿದವರಲ್ಲಿ ನನಗೆ ಆಪ್ತನೆನಿಸಿದವನು ಅಮೆರಿಕದ ಕಾನೂನು ಪ್ರಾಧ್ಯಾಪಕ ಆಸ್ಟಿನ್ ಟ್ಯಾಪನ್ ರೈಟ್. ಹಗಲು ಪಾಠ ಹೇಳುತ್ತಿದ್ದ, ಬಿಡುವಾದಾಗ ಐಲ್ಯಾಂಡಿಯಾ ಎಂಬ ದೇಶದ ಭೂಗೋಳ, ಚರಿತ್ರೆ, ವಂಶಾವಳಿ ಬರೆಯುತ್ತಿದ್ದ. ಹೆಸರಿನಲ್ಲಷ್ಟೇ ದ್ವೀಪ, ನಕಾಶೆಯಲ್ಲಿ ಅದು ಒಂದು ಖಂಡದ ದಕ್ಷಿಣದ ತುದಿ. ಅಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಪರದೇಶಿಗಳು ಇರಕೂಡದು ಎಂಬ ಕಾಯ್ದೆ ಇತ್ತು. 1931ರಲ್ಲಿ ರೈಟ್ ಕಾರು ಅಪಘಾತದಲ್ಲಿ ತೀರಿಕೊಂಡ. ಸುಮಾರು 2,300 ಪುಟದ ಬರಹವನ್ನು ಹೆಂಡತಿ ಟೈಪು ಮಾಡಿದಳು, ಮಗಳು ಕತ್ತರಿಸಿ ಒಪ್ಪ ಮಾಡಿದಳು, 1942ರಲ್ಲಿ ಅದು ಪುಸ್ತಕವಾಯಿತು. ಗಂಡ ಬರೆಯುತ್ತಿದ್ದ ಊರಿಗೆ ಹೆಂಡತಿ ಟೈಪು ಮಾಡುತ್ತಾ ದಾರಿ ಮಾಡಿಕೊಟ್ಟಳಲ್ಲ, ನೂರರ ಲೆಕ್ಕದಲ್ಲಿ ಅವಳನ್ನು ಹಿಡಿಯಬಾರದು.

ಪತ್ರಿಕೆಯವರೂ ಒಮ್ಮೆ ದೇಶ ಕಟ್ಟಿದರು. 1977ರ ಏಪ್ರಿಲ್ 1ರಂದು ಲಂಡನ್ನಿನ ಗಾರ್ಡಿಯನ್ ಪತ್ರಿಕೆ ಸ್ಯಾನ್ ಸೆರಿಫ್ ಎಂಬ ಗಣರಾಜ್ಯದ ಬಗ್ಗೆ ಏಳು ಪುಟದ ಪುರವಣಿ ತಂದಿತು. ಎರಡು ದ್ವೀಪ ಸೇರಿದರೆ ಒಂದು ಅರ್ಧವಿರಾಮದ ಆಕಾರ, ರಾಜಧಾನಿ ಬೊಡೋನಿ, ಸರ್ವಾಧಿಕಾರಿ ಜನರಲ್ ಪೈಕಾ, ಹೆಸರೆಲ್ಲ ಅಚ್ಚುಕೂಟದವು. ನಿಜವೆಂದೇ ನಂಬಿ ಪ್ರವಾಸದ ವಿಚಾರಣೆ ಮಾಡಿದವರಿದ್ದರು. ಮೊದಲು ಅದನ್ನು ಅಟ್ಲಾಂಟಿಕ್‌ನಲ್ಲಿ ಟೆನೆರಿಫ್ ಹತ್ತಿರ ಇಟ್ಟಿದ್ದರಂತೆ. ಮಾರ್ಚ್ 27ರಂದು ಟೆನೆರಿಫ್‌ನಲ್ಲಿ ಎರಡು ವಿಮಾನ ಡಿಕ್ಕಿ ಹೊಡೆದು 583 ಜನ ಸತ್ತರು. ದೇಶವನ್ನೇ ಎತ್ತಿ ಹಿಂದೂ ಮಹಾಸಾಗರಕ್ಕೆ ಹಾಕಿದರು. ತಮಾಷೆಗೂ ಒಂದು ಮರ್ಯಾದೆ ಬೇಕೆಂದು ತಿಳಿದವರು ಮಾಡಿದ ಕೆಲಸ.

ಇವರಿಗೆಲ್ಲ ಮೂಲಪುರುಷ ಥಾಮಸ್ ಮೋರ್. 1516ರಲ್ಲಿ ಅವನು ಬರೆದ ಯುಟೋಪಿಯದಲ್ಲಿ ಐವತ್ತನಾಲ್ಕು ಪಟ್ಟಣ, ಎಲ್ಲಕ್ಕೂ ಒಂದೇ ಭಾಷೆ, ಒಂದೇ ಕಾನೂನು, ದಿನಕ್ಕೆ ಆರು ತಾಸು ಕೆಲಸ. ಬಂಗಾರದಿಂದ ಉಚ್ಚೆಯ ಪಾತ್ರೆ ಮಾಡುತ್ತಾರೆ. ವಕೀಲರಿಗೆ ಪ್ರವೇಶವಿಲ್ಲ. ಬರೆದವನು ಸ್ವತಃ ವಕೀಲ, ಮುಂದೆ 1529ರಲ್ಲಿ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆದವನು. 1535ರಲ್ಲಿ ಅವನ ತಲೆ ಕಡಿಸಿದ್ದು ಅವನು ಸೇವೆ ಮಾಡಿದ್ದ ಅಸಲಿ ರಾಜನೇ. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ ಸಂಗತಿ. ಯುಟೋಪಿಯ ಮೊದಲು ದ್ವೀಪವಾಗಿರಲಿಲ್ಲ. ಗೆದ್ದ ರಾಜ ಯುಟೋಪಸ್ ಹದಿನೈದು ಮೈಲಿ ಅಗಲದ ಭೂಮಿ ಅಗೆಸಿ, ಸಮುದ್ರ ತುಂಬಿಸಿ, ಅದನ್ನು ನೆಲದಿಂದ ಬಿಡಿಸಿದ. ಅದನ್ನು ಓದುವಾಗ ನನಗೆ ಭಾವನ ಮುಖ ಕಂಡಿತು.

ಭಾವನ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅವರ ಅಜ್ಜನ ಗದ್ದೆ ಅಡಿಗೆ ಹೋಯಿತು, ಉಳಿದ ಊರು ಒಂದು ಬಗೆಯ ದ್ವೀಪವಾಯಿತು. ಮೂರು ಕಡೆ ನೀರು, ನಾಲ್ಕನೆಯ ಕಡೆ ಕಾಡು. ನಮ್ಮಲ್ಲಿಗೆ ಬರಬೇಕೆಂದರೆ ಹೊಳೆಬಾಗಿಲಿನ ಲಾಂಚು ಹತ್ತಬೇಕಿತ್ತು, ಇಲ್ಲವೇ ದಿನವಿಡೀ ಸುತ್ತು ಹಾಕಬೇಕಿತ್ತು. ಹಬ್ಬಕ್ಕೆ ಬಂದ ಅತ್ತೆ ಪಂಕ್ತಿಗೆ ಪಾಯಸ ಬರುವ ಮೊದಲೇ ಗಡಿಯಾರ ನೋಡಿ ಎದ್ದಿರುತ್ತಿದ್ದಳು. ಅಜ್ಜಿ ಬಾಳೆಎಲೆಯಲ್ಲಿ ಹೋಳಿಗೆ ಕಟ್ಟಿಕೊಂಡು ಗೇಟಿನವರೆಗೆ ಓಡುತ್ತಿದ್ದಳು. ಅಜ್ಜಿಯ ಸಂವಿಧಾನದಲ್ಲಿ ಊಟದ ನಡುವೆ ಏಳುವುದು ಮಹಾಪರಾಧ. ಲಾಂಚಿಗೆ ಮಾತ್ರ ವಿನಾಯಿತಿ ಇತ್ತು.

ನನ್ನ ಉಪ್ಪಿಟ್ಟಿನ ಕಾನೂನಿನ ಪಕ್ಕದಲ್ಲೇ ಭಾವ ಬರೆದ ಕಾನೂನು ಇದು: ಕೊನೆಯ ಮನುಷ್ಯ ಬಂದು ಹತ್ತುವವರೆಗೆ ಕೊನೆಯ ಲಾಂಚು ಹೊರಡತಕ್ಕದ್ದಲ್ಲ. ಸದನ ನಗುತ್ತಲೇ ಒಪ್ಪಿತು. ಆ ಮೇಲೆ ಅವನು ಸೇತುವೆ ಮಸೂದೆ ಮಂಡಿಸಿದ: ಶಾಯಿದ್ವೀಪದಿಂದ ಪುಟದ ಅಂಚಿನವರೆಗೆ, ಅಂದರೆ ಎಲ್ಲಿಗೆ ಎಂದು ಗೊತ್ತಿಲ್ಲದ ಒಂದು ದಡದವರೆಗೆ, ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ.

"ಸೇತುವೆ ಕಟ್ಟಿದ್ರೆ ಅದು ದ್ವೀಪ ಹ್ಯಾಗಾಗುತ್ತೆ ಭಾವ?" ಎಂದೆ. "ಕಡಲುಗಳ್ಳರು ನಡ್ಕೊಂಡು ಬರ್ತಾರೆ."

"ನಿಂಗೆಂತ ಗೊತ್ತು ಮಾರಾಯ, ನಿಮ್ಮನೆ ಎದುರಿಗೇ ಬಸ್ಸು ನಿಲ್ಲುತ್ತೆ" ಎಂದ.

ಚರ್ಚೆ ಬಿಸಿಯಾಯಿತು. ದ್ವೀಪದ ಸೊಬಗು, ಒಂಟಿತನದ ಘನತೆ ಎಂದೆಲ್ಲ ಕಥೆಪುಸ್ತಕದ ಮಾತು ನಾನು ಆಡಿದೆ. ಅವನ ಹತ್ತಿರ ಇದ್ದದ್ದು ಒಂದೇ ವಾದ: ಅಮ್ಮ ಪಾಯಸ ಉಣ್ಣಬೇಕು. ತಂಗಿ ತಟಸ್ಥಳಾಗಿ ಉಳಿದಳು. ನಾನು ರಬ್ಬರಿನಿಂದ ಎರಡೂ ಗೆರೆ ಉಜ್ಜಿದೆ, ಕಾಗದ ಹರಿಯಿತು, ಭಾವ ಹಣಕಾಸು ಖಾತೆಗೆ ರಾಜೀನಾಮೆ ಕೊಟ್ಟ, ಸರ್ಕಾರ ಬಿತ್ತು. ಡಾನ್ ಕಿಹೋಟೆಯ ಸೇವಕ ಸ್ಯಾಂಕೊ ಪಾಂಜಾನಿಗೂ ತಮಾಷೆಗೆಂದು ಒಂದು ದ್ವೀಪದ ಆಡಳಿತ ಸಿಗುತ್ತದೆ. ಆ ಹಳ್ಳಿಗ ಒಳ್ಳೆಯ ನ್ಯಾಯ ಹೇಳಿ, ವೈದ್ಯನ ಅಪ್ಪಣೆಯಿಂದ ಊಟದ ತಟ್ಟೆ ಎದುರಿಗೇ ಎತ್ತಿಕೊಂಡು ಹೋಗುವುದನ್ನು ಸಹಿಸಿ, ಕೊನೆಗೆ ಸಾಕಪ್ಪಾ ಎಂದು ಕತ್ತೆ ಹತ್ತಿ ಹೊರಟುಬಿಡುತ್ತಾನೆ. ನನ್ನನ್ನು ಕಟ್ಟಿಗೆ ಒಳಗೆ ಹಾಕಲು ಕರೆದರು.

ನಾ. ಡಿಸೋಜ ಅವರ 'ದ್ವೀಪ' ಕಾದಂಬರಿ ಓದಿದಾಗ, 2002ರಲ್ಲಿ ಗಿರೀಶ ಕಾಸರವಳ್ಳಿಯವರು ಅದನ್ನೇ ಸಿನಿಮಾ ಮಾಡಿದ್ದು ನೋಡಿದಾಗ, ಭಾವನ ಮಸೂದೆ ಮತ್ತೆ ನೆನಪಾಯಿತು. ನೀರು ಏರುತ್ತಾ ಬಂದು ಗುಡ್ಡವೇ ದ್ವೀಪವಾಗುವ ಮನೆಯವರಿಗೆ ಅಲ್ಲಿ ಯಾವ ಸೊಬಗೂ ಇರಲಿಲ್ಲ. ಶರಾವತಿಯ ಮೇಲೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಉದ್ದ ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ. ಮುಳುಗಡೆಯ ಜನರ ಪರವಾಗಿ ಬರೆದೂ ಹೋರಾಡಿಯೂ ದಣಿಯದ ಡಿಸೋಜ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು. ಅತ್ತೆ ಅದಕ್ಕೂ ಬಹಳ ಮೊದಲೇ ಹೋಗಿದ್ದಳು. ಭಾವ ಆ ಸಂಜೆ ಫೋನು ಮಾಡಿ, "ಮಸೂದೆ ಪಾಸಾಯ್ತು ಭಾವ" ಎಂದ. ಅವನಿಗೆ ನೆನಪಿತ್ತು.

ಈಗ ಸಾಗರದ ಹೋಟೆಲುಗಳಲ್ಲಿ ದೂರದಿಂದ ಬಂದ ಪ್ರವಾಸಿಗರು ಕಾಫಿ ಕುಡಿಯುತ್ತಾ "ಲಾಂಚಿನಲ್ಲಿ ಹೋಗೋ ಮಜಾನೇ ಹೋಯ್ತು" ಎಂದು ಕೊರಗುವುದು ಕಿವಿಗೆ ಬೀಳುತ್ತದೆ. ಲಾಂಚು ಚೆನ್ನಾಗಿತ್ತು, ಸುಳ್ಳಲ್ಲ. ವರ್ಷಕ್ಕೊಮ್ಮೆ ಹತ್ತುವವರಿಗೆ ಇನ್ನೂ ಚೆನ್ನಾಗಿತ್ತು. ಇಂಥವರಿಗೆ ಶಾಯಿದ್ವೀಪದಲ್ಲಿ ಪೌರತ್ವ ಕೊಡುವುದಿಲ್ಲ ಎಂದು ನಾನೂ ಭಾವನೂ ತೀರ್ಮಾನಿಸಿದ್ದೇವೆ.

ಸರ್ಕಾರ ಮತ್ತೆ ರಚನೆಯಾಗುತ್ತಿದೆ. ಭಾವನಿಗೆ ಲೋಕೋಪಯೋಗಿ, ತಂಗಿಗೆ ವಿದೇಶಾಂಗ. ಹಣಕಾಸು ಖಾತೆ ಇನ್ನೂ ಖಾಲಿ ಇದೆ, ಆಸಕ್ತಿ ಇದ್ದ ಓದುಗರು ಅರ್ಜಿ ಹಾಕಬಹುದು. ಸಂಬಳವಿಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ಕೊನೆಯ ಬಸ್ಸೋ ಲಾಂಚೋ ತಪ್ಪಿ ರಾತ್ರಿ ಕಳೆದಿರಬೇಕು. ಸಂದರ್ಶನಕ್ಕೆ ಬಂದವರಿಗೆ ಮಂಗಳವಾರ ಉಪ್ಪಿಟ್ಟು ಸಿಗುವುದಿಲ್ಲ.