ಸೇವಾಗ್ರಾಮದ ಮಣ್ಣಿನ ಮನೆಗಳು

ವಾರ್ಧಾ ಪಟ್ಟಣದಿಂದ ಸುಮಾರು 8 ಕಿಲೋಮೀಟರು ದೂರದ ಸೇವಾಗ್ರಾಮವನ್ನು ಕಾಣಹೋದ ಯಾತ್ರಿಕನಿಗೆ ಮೊದಲ ನೋಟದಲ್ಲಿ ತುಸು ನಿರಾಶೆಯೇ ಆದೀತು. ಗೋಪುರವಿಲ್ಲ, ಅಮೃತಶಿಲೆಯಿಲ್ಲ, ಮಣ್ಣಿನ ಗೋಡೆ, ಬಿದಿರು, ನಾಡಹೆಂಚು. 1936ರಲ್ಲಿ ಗಾಂಧೀಜಿ ಇಲ್ಲಿ ಬಂದು ನೆಲೆಸಿದಾಗ ಊರಿನ ಹೆಸರು ಸೇಗಾಂವ್. ಶೇಗಾಂವ್ ಎಂಬ ಇನ್ನೊಂದು ಊರಿನ ಹೆಸರಿನೊಡನೆ ಗೊಂದಲವಾಗಿ ಟಪಾಲು ದಾರಿತಪ್ಪುತ್ತಿದ್ದುದರಿಂದ 1940ರಲ್ಲಿ ಅದು ಸೇವಾಗ್ರಾಮವಾಯಿತು. ಮೊದಲ ಮನೆಯಾದ ಆದಿನಿವಾಸದ ಖರ್ಚು 500 ರೂಪಾಯಿ ಮೀರಕೂಡದೆಂದು ಅವರ ಕಟ್ಟಪ್ಪಣೆಯಿತ್ತು.

ವೈಸರಾಯರೊಡನೆ ಮಾತನಾಡಲೆಂದು ಟೆಲಿಫೋನು ಬಂದದ್ದೂ ಇದೇ ಆಶ್ರಮಕ್ಕೆ. ಆಶ್ರಮವಾಸಿಗಳು ತರಕಾರಿ ಹೆಚ್ಚುತ್ತ, ಧಾನ್ಯ ಬೀಸುತ್ತ, ಕಕ್ಕಸು ತೊಳೆಯುತ್ತ ಬಾಳಿದ್ದೂ ಇದೇ ಅಂಗಳದಲ್ಲಿ. ಇಲ್ಲಿ ಜಾಡಮಾಲಿಯೆಂಬ ಬೇರೆಯ ಜಾತಿಯಿರಲಿಲ್ಲ. ಈ ಅಭ್ಯಾಸ ಇಲ್ಲಿಯೇ ಹುಟ್ಟಿದ್ದಲ್ಲ. 1935ರಲ್ಲಿ, ಗಾಂಧೀಜಿ ಇನ್ನೂ ವಾರ್ಧಾದ ಮಗನವಾಡಿಯಲ್ಲಿದ್ದಾಗಲೇ, ಸಮೀಪದ ಸಿಂದಿ ಎಂಬ ಹಳ್ಳಿಯ ಬೀದಿಗಳಲ್ಲಿ ಮಲ ಬಳಿಯಲು ಮೀರಾಬೆನ್ ಮತ್ತು ಮಹಾದೇವ ದೇಸಾಯಿ ಹೋಗುತ್ತಿದ್ದರು. ಒಬ್ಬಾಕೆ ಬ್ರಿಟಿಷ್ ನೌಕಾಧಿಪತಿಯ ಮಗಳು. ಇನ್ನೊಬ್ಬರು ಕಾನೂನು ಓದಿದ ವಿದ್ವಾಂಸರು. ಊರವರ ರೂಢಿಯೇನೋ ಬೇಗ ಬದಲಾಗಲಿಲ್ಲ. ದೊಡ್ಡವರು ಪೊರಕೆ ಹಿಡಿದ ಮಾತ್ರಕ್ಕೆ, ಹುಟ್ಟಿನ ಕಾರಣದಿಂದ ಅದನ್ನು ಹಿಡಿಯಲೇಬೇಕಾದವರ ಬವಣೆ ನೀಗುವುದೆಂದು ನಂಬುವುದು ಭೋಳೇತನ. ಮಲ ಹೊರುವ ಕೆಲಸವನ್ನು ನಿಷೇಧಿಸಲು 1993ರಲ್ಲಿ ಒಂದು, 2013ರಲ್ಲಿ ಮತ್ತೊಂದು ಕಾಯಿದೆ ಬೇಕಾಯಿತಲ್ಲವೆ?

ಬಾಪೂಕುಟಿಯನ್ನು ನೋಡಿ, ಹಾವು ಹಿಡಿಯುವ ಇಕ್ಕಳವನ್ನೂ ಮರದ ಪಾದುಕೆಗಳನ್ನೂ ಕಂಡು ಹಿಂದಿರುಗುವ ಅವಸರದ ಯಾತ್ರಿಕನ ಕಣ್ಣಿಗೆ ಪರಚುರೆ ಕುಟಿ ತಪ್ಪಿಹೋಗುವುದುಂಟು. ಪರಚುರೆ ಶಾಸ್ತ್ರಿಗಳು ಸಂಸ್ಕೃತದ ಪಂಡಿತರು, ಯರವಾಡಾ ಸೆರೆಮನೆಯಲ್ಲಿ ಇದ್ದವರು. ಕುಷ್ಠರೋಗ ಉಲ್ಬಣಿಸಿ, ಎಲ್ಲಿಯೂ ಆಸರೆ ಕಾಣದೆ, 1939ರಲ್ಲಿ ಅವರು ಆಶ್ರಮಕ್ಕೆ ಬಂದರು. ರೋಗ ಅಂಟುವುದೆಂಬ ಭಯ ಆಗ ಸರ್ವತ್ರ ಇತ್ತು. ಇಂದಿನಂತೆ ಗುಣಪಡಿಸುವ ಔಷಧಗಳೂ ಇರಲಿಲ್ಲ. ಆಶ್ರಮದಲ್ಲಿ ಮಕ್ಕಳೂ ರೋಗಿಗಳೂ ಇದ್ದರು. ಅವರನ್ನು ಇರಿಸಿಕೊಂಡರೆ ಉಳಿದವರ ಗತಿಯೇನು, ಕಳುಹಿಸಿದರೆ ಅವರ ಗತಿಯೇನು? ಗಾಂಧೀಜಿ ತಮ್ಮ ಕುಟೀರದ ಹತ್ತಿರವೇ ಅವರಿಗೊಂದು ಗುಡಿಸಲು ಕಟ್ಟಿಸಿದರು. ಶುಶ್ರೂಷೆಯನ್ನು ಆಳಿಗೆ ಒಪ್ಪಿಸಲಿಲ್ಲ. ದೇಶದ ನಾಯಕರು ಬಂದುಹೋಗುತ್ತಿದ್ದ ದಿನಗಳಲ್ಲಿಯೂ ಬಿಡುವು ಮಾಡಿಕೊಂಡು ತಾವೇ ಬಂದು ಕುಳಿತು ಅವರ ಮೈಗೆ ಎಣ್ಣೆ ತಿಕ್ಕುತ್ತಿದ್ದರು. ಆಗ ಆ ಎಪ್ಪತ್ತರ ವೃದ್ಧರಿಗೂ ರಕ್ತದೊತ್ತಡದ ಬಾಧೆಯಿತ್ತು. ಶಾಸ್ತ್ರಿಗಳು ಚೇತರಿಸಿಕೊಂಡು ಆಶ್ರಮದಲ್ಲಿ ಒಂದು ಮದುವೆಗೆ ಪೌರೋಹಿತ್ಯವನ್ನೂ ವಹಿಸಿದರು. ಹಿಂದೆ ಜನ ಮುಟ್ಟಲೂ ಅಂಜುತ್ತಿದ್ದ ಆ ಕೈಗಳಿಂದಲೇ.