ಹಾಜರಿ

ತರಗತಿಯ ದಿನ ಆರಂಭವಾಗುವುದು ಪಾಠದಿಂದಲ್ಲ, ಹಾಜರಿಯಿಂದ. ಉಪಾಧ್ಯಾಯರು ಪಟ್ಟಿಯನ್ನು ತೆರೆದು ಒಂದೊಂದೇ ಹೆಸರನ್ನು ಕೂಗುತ್ತಾರೆ. ಬೆಂಚುಗಳಿಂದ ಬಗೆಬಗೆಯ ದನಿಗಳು ಓಗೊಡುತ್ತವೆ. ಒಬ್ಬನದು ಗುಡುಗು, ಇನ್ನೊಬ್ಬಳದು ಪಿಸುಮಾತು. ಬಾರದ ಗೆಳೆಯನ ಪರವಾಗಿ ದನಿ ಬದಲಿಸಿ ‘ಹಾಜರ್ ಸಾರ್’ ಎನ್ನುವ ಪರೋಪಕಾರಿಯೊಬ್ಬ ಎಲ್ಲ ತರಗತಿಗಳಲ್ಲಿಯೂ ಇದ್ದೇ ಇರುತ್ತಾನೆ. ಪಳಗಿದ ಉಪಾಧ್ಯಾಯರನ್ನು ಹೀಗೆ ವಂಚಿಸುವುದು ಸುಲಭವಲ್ಲ. ಅವರು ಕಿವಿಯಿಂದ ಹೆಸರನ್ನು ಕೇಳಿದರೂ ಕಣ್ಣಿನಿಂದ ಮುಖಗಳನ್ನು ಎಣಿಸುತ್ತಿರುತ್ತಾರೆ. ಯಾರಿಗೆ ನಿದ್ದೆ ಸಾಲದು, ಯಾರು ಹಸಿದು ಬಂದಿದ್ದಾರೆ, ಯಾರ ಮನೆಯಲ್ಲಿ ರಾತ್ರಿ ಜಗಳವಾಗಿದೆ ಎಂಬುದೆಲ್ಲ ಆ ಎರಡು ನಿಮಿಷಗಳಲ್ಲಿ ಅವರಿಗೆ ತಿಳಿದುಹೋಗುತ್ತದೆ.

ಯಂತ್ರವು ಪಾಠಶಾಲೆಯನ್ನು ಪ್ರವೇಶಿಸಿದ್ದು ಇತ್ತೀಚಿನ ಸಂಗತಿಯೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ಬಂದವು. ಬೆಳಗಿನ ಕಾರ್ಯಕ್ರಮ ಶಾಲೆಯ ಮಕ್ಕಳಿಗೆ, ಸಂಜೆಯದು ಊರಿನವರಿಗೆ. ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ‘ಎಡುಸ್ಯಾಟ್’ ಉಪಗ್ರಹ ಗಗನಕ್ಕೇರಿ, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಪಾಠವನ್ನು ತಂದಿತು. ಆಗೆಲ್ಲ ಯಂತ್ರ ಅತಿಥಿಯಾಗಿತ್ತು, ಶಾಲೆ ಆತಿಥೇಯನಾಗಿತ್ತು. ಮಕ್ಕಳು ಒಂದೇ ಕಡೆ ಒತ್ತೊತ್ತಾಗಿ ಕುಳಿತು ನೋಡುತ್ತಿದ್ದರು. ಅರ್ಥವಾಗದಿದ್ದರೆ ಕೇಳಲು ಪಕ್ಕದಲ್ಲಿಯೇ ಒಬ್ಬ ಮೇಷ್ಟರಿದ್ದರು.

2020ರ ಮಾರ್ಚಿಯಲ್ಲಿ ಈ ಏರ್ಪಾಡು ತಲೆಕೆಳಗಾಯಿತು. ಸಾಂಕ್ರಾಮಿಕ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದವು. ಪಾಠವು ತಾಯಿಯ ಮೊಬೈಲಿನೊಳಗೆ ಸೇರಿಕೊಂಡಿತು. ನಗರದ ಮನೆಗಳಲ್ಲಿ ಆಗ ನಡೆದ ಪ್ರಹಸನಗಳನ್ನು ಯಾರೂ ಮರೆತಿರಲಾರರು. ಅಣ್ಣನಿಗೆ ಗಣಿತ, ತಂಗಿಗೆ ಕನ್ನಡ, ಅಪ್ಪನಿಗೆ ಆಫೀಸಿನ ಮೀಟಿಂಗು. ಎಲ್ಲವೂ ಹತ್ತು ಗಂಟೆಗೇ. ಮಗಳು ಪದ್ಯ ಒಪ್ಪಿಸುತ್ತಿರುವಾಗ ಕುಕ್ಕರು ಕೂಗುವುದು. ಅಜ್ಜ ಸ್ನಾನ ಮುಗಿಸಿ ಒದ್ದೆಪಂಚೆಯಲ್ಲಿ ಹಿಂದೆ ಹಾದುಹೋಗಿ ಇಡೀ ತರಗತಿಗೆ ದರ್ಶನ ಕೊಡುವುದು! ಉಪಾಧ್ಯಾಯರಾದರೋ ನಲವತ್ತು ಕಪ್ಪು ಚೌಕಗಳನ್ನು ನೋಡುತ್ತ, “ಕೇಳಿಸುತ್ತಿದೆಯೇ ಮಕ್ಕಳೇ?” ಎಂದು ದೇವರನ್ನು ಕರೆದಂತೆ ಕರೆಯುತ್ತಿದ್ದರು. ಪರದೆಯ ಮೇಲೆ ಹೆಸರು ಬೆಳಗುತ್ತಿತ್ತು. ಹೆಸರಿನ ಒಡೆಯ ಮಹಡಿಯ ಮೇಲೆ ಗಾಳಿಪಟ ಹಾರಿಸುತ್ತಿದ್ದ. ಪರೋಪಕಾರಿ ಗೆಳೆಯನ ಕೆಲಸವನ್ನು ಈಗ ಯಂತ್ರವೇ ವಹಿಸಿಕೊಂಡಿತ್ತು.

ನಗುವಿನ ಮಾತು ಅಷ್ಟಕ್ಕೇ ಮುಗಿಯುತ್ತದೆ. ಎಳೆಯ ಮಕ್ಕಳಿಗೆ ಆನ್‌ಲೈನ್ ಪಾಠ ಕೂಡದೆಂದು ರಾಜ್ಯ ಸರ್ಕಾರವು ಅದೇ ಜೂನ್‌ನಲ್ಲಿ ಆಜ್ಞೆ ಹೊರಡಿಸಿತು. ಪೋಷಕರಲ್ಲಿ ಕೆಲವರು ನ್ಯಾಯಾಲಯದ ಮೊರೆಹೊಕ್ಕರು. ಜುಲೈನಲ್ಲಿ ಉಚ್ಚ ನ್ಯಾಯಾಲಯವು ಆಜ್ಞೆಗೆ ತಡೆ ನೀಡಿತು. ಮಗುವಿನ ಕಣ್ಣು ಕೆಟ್ಟೀತೆಂಬುದು ಒಂದು ಕಡೆಯ ಚಿಂತೆ, ಕಲಿಕೆ ಕೆಟ್ಟೀತೆಂಬುದು ಇನ್ನೊಂದು ಕಡೆಯ ಚಿಂತೆ, ಎರಡೂ ಸಹಜವೇ. ಆದರೆ ಈ ವಾದವೆಲ್ಲ ಮೊಬೈಲು ಇದ್ದವರ ಮನೆಯ ವಾದ. ಇಲ್ಲದವರ ಮನೆಯಲ್ಲಿ ವಾದಕ್ಕೆ ವಸ್ತುವೇ ಇರಲಿಲ್ಲ.

ನೆರೆಯ ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿಯೇ, ಇಂಟರ್ನೆಟ್ಟಿನ ಬಳಕೆಯೂ ಶಿಕ್ಷಣದ ಹಕ್ಕಿಗೆ ಸೇರಿದ್ದೆಂದು ತೀರ್ಪಿತ್ತಿತ್ತು. ಹಕ್ಕು ದೊರೆತ ಮಾತ್ರಕ್ಕೆ ನೆಟ್‌ವರ್ಕು ದೊರೆಯುವುದಿಲ್ಲವಷ್ಟೆ! 2021ರ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಚಿತ್ರವೊಂದು ಪ್ರಕಟವಾಯಿತು. ದಕ್ಷಿಣ ಕನ್ನಡದ ಹಳ್ಳಿಯೊಂದರ ಹುಡುಗಿ ನೆಟ್‌ವರ್ಕು ಸಿಗುವ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದಾಳೆ. ಸುರಿವ ಮಳೆಯಲ್ಲಿ ಅವಳ ತಂದೆ ಕೊಡೆ ಹಿಡಿದು ನಿಂತಿದ್ದಾರೆ. ಪಟ್ಟಿಯಲ್ಲಿ ಬಿದ್ದ ಹಾಜರಿ ಒಂದೇ ಇರಬಹುದು. ಹಾಜರಿದ್ದವರು ಮಾತ್ರ ಇಬ್ಬರು.

2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಈ ನೋವನ್ನು ಅರಿತ ಯೋಜನೆಯಾಗಿತ್ತು. ಇಂಟರ್ನೆಟ್ ಸಹಿತ ಮೊಬೈಲು ಉಳ್ಳವರು, ಬರಿಯ ಮೊಬೈಲು ಉಳ್ಳವರು, ಏನೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪುಗಳಾಗಿ ಗುರುತಿಸಲಾಯಿತು. ಇದುವರೆಗೆ ಜಾಣರು, ದಡ್ಡರು ಎಂಬ ವಿಂಗಡಣೆಯನ್ನು ಮಾತ್ರ ಕಂಡಿದ್ದ ತರಗತಿಗೆ ಇದು ಹೊಸತು. ಉಪಾಧ್ಯಾಯರು ಊರೂರಿಗೆ ಹೋದರು. ಮರದ ನೆರಳಿನಲ್ಲಿ, ಗುಡಿಯ ಜಗುಲಿಯಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮರಳಿ ಆರಂಭವಾಯಿತು. ಎಲ್ಲರನ್ನೂ ಬೇರೆ ಬೇರೆ ಇಡಬೇಕಾಗಿದ್ದ ಕಾಲದಲ್ಲಿ, ಏನೂ ಇಲ್ಲದ ಮಗುವಿಗೆ ಪಾಠ ಮುಟ್ಟಬೇಕಾದರೆ ಮನುಷ್ಯನೊಬ್ಬ ನಡೆದು ಹೋಗಲೇಬೇಕಾಯಿತು.

ಯಂತ್ರವನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ದೂರದ ಪ್ರಯೋಗಶಾಲೆಯನ್ನೂ ಸಮುದ್ರದ ಆಳವನ್ನೂ ಹಳ್ಳಿಯ ಗೋಡೆಯ ಮೇಲೆ ಮೂಡಿಸಬಲ್ಲ ವಸ್ತುವನ್ನು ಬೇಡವೆನ್ನುವುದು ಜಾಣತನವಲ್ಲ. ಆದರೆ ಇಷ್ಟು ಪರದೆ ಹಂಚಿದೆವು, ಇಷ್ಟು ಶಾಲೆಗಳಿಗೆ ಸಂಪರ್ಕ ಕೊಟ್ಟೆವು ಎಂಬ ಲೆಕ್ಕ ಯಂತ್ರಗಳ ಹಾಜರಿ ಮಾತ್ರ. ಆ ಪರದೆಯ ಎದುರು ಕೊನೆಯ ಬೆಂಚಿನ ಮಗು ಇದೆಯೇ, ಅದಕ್ಕೆ ಅರ್ಥವಾಯಿತೇ ಎಂದು ಕೇಳಲು ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ ಎಂಬುದು ಬೇರೆಯದೇ ಲೆಕ್ಕ.

ಶಾಲೆಗಳು ಮತ್ತೆ ತೆರೆದಾಗ ಉಪಾಧ್ಯಾಯರು ಹಳೆಯ ಪಟ್ಟಿಯನ್ನೇ ತೆರೆದು ಹೆಸರುಗಳನ್ನು ಕೂಗಿದರು. ಕೆಲವು ಹೆಸರುಗಳಿಗೆ ಉತ್ತರ ಬರಲಿಲ್ಲ. ಯಾರೋ ಒಬ್ಬ ಹುಡುಗ ಎದ್ದು ನಿಂತು, “ಅವನು ಗ್ಯಾರೇಜಿಗೆ ಹೋಗುತ್ತಾನೆ ಸಾರ್” ಎಂದ. ಯಂತ್ರವಾಗಿದ್ದರೆ ಗೈರುಹಾಜರಿಯ ಗುರುತು ಹಾಕಿ ಮುಂದಿನ ಹೆಸರಿಗೆ ಹೋಗುತ್ತಿತ್ತು. ಮೇಷ್ಟರು ಲೇಖನಿಯನ್ನು ಕೆಳಗಿಟ್ಟು, “ಯಾವ ಗ್ಯಾರೇಜಪ್ಪ?” ಎಂದು ಕೇಳಿದರು.