ಮನ್ನಾ, ಮನಾ, ಮನ್ನಣೆ

ಹೈದರಾಬಾದಿನಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ಜಹೀರಾಬಾದ್ ದಾಟಿ, ಹುಮನಾಬಾದ್ ಮುಟ್ಟುವ ಮೊದಲು ಮನ್ನಾಏಖೇಳ್ಳಿ ಸಿಗುತ್ತದೆ. ಬರೆಯುವುದು ಹೀಗೆ, ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರು ಕೂಗುವುದು ‘ಮನ್ನಾಖೆಳ್ಳಿ, ಮನ್ನಾಖೆಳ್ಳಿ’ ಅಂತ. ಮೂಡಲಿಗೆ ತೆಲುಗು, ಪಡುವಲಿಗೆ ಉಮರ್ಗಾದ ಕಡೆ ಮರಾಠಿ, ಸಂತೆಯಲ್ಲಿ ದಖನಿ ಉರ್ದು, ಮನೆಯೊಳಗೆ ಕನ್ನಡ. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ನೆಲೆಸಿದ್ದ ಮಾಣಿಕ ಪ್ರಭುಗಳು (1817–1865) ಮರಾಠಿಯಲ್ಲೂ ಕನ್ನಡದಲ್ಲೂ ಹಿಂದಿಯಲ್ಲೂ ಪದ ಕಟ್ಟಿದ್ದು ಈ ಸೀಮೆಗೆ ಸಹಜವೇ. ಇಂಥ ಕಡೆ ಊರ ಹೆಸರಿನ ಮೊದಲ ಎರಡಕ್ಷರ ಯಾರ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದೊಂದೇ ಒಂದು ಮಧ್ಯಾಹ್ನದ ಹರಟೆಗೆ ಸಾಕು.

ನಮ್ಮ ರೈತನಿಗೆ ಮನ್ನಾ ಅಂದರೆ ಸಾಲ ಮನ್ನಾ, ಮುಗಿಯಿತು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದ್ದು, ಹತ್ತು ಸಾವಿರ ರೂಪಾಯಿವರೆಗೆ. 2008ರಲ್ಲಿ ಮತ್ತೆ ಕೇಂದ್ರದ್ದೇ. 2018ರಲ್ಲಿ ಕುಮಾರಸ್ವಾಮಿಯವರ ಬಜೆಟ್ಟಿನದು, ಎರಡು ಲಕ್ಷದವರೆಗೆ. ತೊಗರಿ, ಉದ್ದು, ಸೋಯಾ ಬಿತ್ತಿ ಮುಗಿಲು ನೋಡುವವರಿಗೆ ಈ ಇಸವಿಗಳು ಬಾಯಿಪಾಠ. ಆಧಾರ್, ರೇಷನ್ ಕಾರ್ಡ್, ಪಹಣಿಯ ಜೆರಾಕ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಸೊಸೈಟಿಯ ಮುಂದೆ ನಿಂತವರ ಬಾಯಲ್ಲಿ ಒಂದೇ ಮಾತು: “ಮನ್ನಾ ಆಗ್ಯಾದಂತಲ್ರೀ, ನಮ್ಮ ಹೆಸರು ಬಂದದೇನ್ ನೋಡ್ರಿ.”

ಅದೇ ಪಾಳಿಯಲ್ಲಿ ನಿಂತ ಉರ್ದು ಮಾತಿನವರಿಗೆ ‘ಮನಾ’ ಅಂದರೆ ಕೂಡದು. ಅರಬ್ಬಿಯ ‘ಮನ್‌ಅ’ ಅದು. ಕೊನೆಗೆ ಗಂಟಲಾಳದಿಂದ ಬರುವ ‘ಐನ್’ ನಮ್ಮ ನಾಲಿಗೆಗೆ ದಕ್ಕದೆ ಕಳಚಿಹೋಯಿತು. ಮರಾಠಿಯವರು ಅದನ್ನೇ ‘ಮನಾಈ’ ಮಾಡಿಕೊಂಡರು. ಒಬ್ಬರಿಗೆ ಬಿಡುಗಡೆ, ಇನ್ನೊಬ್ಬರಿಗೆ ತಡೆ. ಎರಡೂ ಅಷ್ಟೇನೂ ದೂರವಿಲ್ಲ ಬಿಡಿ. ವಸೂಲಿಗೆ ಬರುವವನಿಗೆ ಬರಬೇಡ ಅಂದಾಗಲೇ ಅಲ್ಲವೇ ರೈತನಿಗೆ ಬಿಡುಗಡೆ?

ಇನ್ನು ಚರ್ಚಿಗೆ ಹೋಗುವವರನ್ನು ಕೇಳಿ, ಮಸೀದಿಗೆ ಹೋಗುವವರನ್ನೂ ಕೇಳಿ. ಅವರಿಗೆ ಮನ್ನಾ ಆಕಾಶದಿಂದ ಇಳಿದ ಅನ್ನ. ಈಜಿಪ್ಟಿನ ಜೀತ ಬಿಟ್ಟು ಮೋಶೆಯ ಹಿಂದೆ ಮರುಭೂಮಿಯಲ್ಲಿ ನಡೆದ ಜನಕ್ಕೆ ಒಂದು ಬೆಳಿಗ್ಗೆ ನೆಲದ ಮೇಲೆ ಇಬ್ಬನಿಯ ಹಾಗೆ ಏನೋ ಬಿದ್ದಿರುತ್ತದೆ. ಕೊತ್ತಂಬರಿ ಬೀಜದಷ್ಟು, ಬೆಳ್ಳಗೆ, ಜೇನು ಬೆರೆಸಿದ ದೋಸೆಯ ರುಚಿ. ‘ಮಾನ್ ಹೂ?’ ಅಂದರು, ಇದೇನು ಅಂತ. ಆ ಪ್ರಶ್ನೆಯೇ ಹೆಸರಾಯಿತು ಎಂದು ಬೈಬಲ್ ಹೇಳುತ್ತದೆ. ಬಿಸಿಲೇರಿದರೆ ಕರಗುತ್ತದೆ, ನಾಳೆಗೆಂದು ಎತ್ತಿಟ್ಟರೆ ಹುಳ ಬೀಳುತ್ತದೆ. ಕುರ್‌ಆನಿನಲ್ಲಿ ಅದರ ಜೊತೆಗೆ ಸಲ್ವಾ, ಲಾವುಗೆ ಹಕ್ಕಿಯೂ ಬರುತ್ತದೆ. ಉರ್ದುವಿನಲ್ಲಿ ‘ಮನ್ನ್-ಓ-ಸಲ್ವಾ’ ಅಂದರೆ ದೇವರೇ ಕಳಿಸಿದ ಊಟ.

ಹೆಸರು ಅಲ್ಲಿಂದ ಲೋಕ ಸುತ್ತಿತು. ಯುನಾನಿ ಹಕೀಮರ ಡಬ್ಬಿಯಲ್ಲಿರುವ ತುರಂಜಬೀನ್ ಮುಳ್ಳುಗಿಡದ ಮೇಲೆ ಹರಳುಗಟ್ಟುವ ಸಿಹಿ. ಅದೂ ಒಂದು ಬಗೆಯ ಮನ್ನಾ. ಸಿಸಿಲಿಯ ಕಾಸ್ಟೆಲ್‌ಬುವೋನೊ ಕಡೆಯ ರೈತರು ಕಡುಬೇಸಿಗೆಯಲ್ಲಿ ಆ್ಯಶ್ ಮರದ ತೊಗಟೆಗೆ ಅಡ್ಡಗೀರು ಕೊಯ್ಯುತ್ತಾರೆ. ಒಸರಿದ ರಸ ಬಿಸಿಲಿಗೆ ಒಣಗಿ ಬಿಳಿ ಕಡ್ಡಿಯಾಗಿ ಜೋತುಬೀಳುತ್ತದೆ. ಆ ಮನ್ನಾದಿಂದ ಹೆಸರು ಪಡೆದದ್ದೇ ಮ್ಯಾನಿಟಾಲ್. ತಲೆಗೆ ಪೆಟ್ಟು ಬಿದ್ದು ಮೆದುಳು ಊದಿಕೊಂಡವರಿಗೆ ಆಸ್ಪತ್ರೆಯಲ್ಲಿ ಬಾಟಲಿಯಿಂದ ಹನಿಸುವ ಔಷಧಿ ಅದು. ಹೆದ್ದಾರಿಯ ಮಗ್ಗುಲಲ್ಲಿ ಬದುಕುವ ಜನಕ್ಕೆ ಅದರ ಗುಣ ನಾನು ಹೇಳಬೇಕಿಲ್ಲ. ರಷ್ಯಾದಲ್ಲಿ ‘ಮಾನ್ನಾಯ ಕಾಶಾ’ ಅಂದರೆ ಹಾಲಿನಲ್ಲಿ ಬೇಯಿಸಿದ ರವೆಗಂಜಿ, ಫಿನ್ಲೆಂಡಿನಲ್ಲೂ ರವೆಗೆ ಮನ್ನಾ ಅಂತಲೇ ಹೆಸರು. ನಮ್ಮ ಶಿರಾದ ರವೆಗೆ ಅಲ್ಲಿ ಸ್ವರ್ಗದ ಹೆಸರಿದೆ ಅಂದರೆ ನನಗೆ ನಿಜವಾಗಿಯೂ ಹಿಗ್ಗು.

ಅರಬ್ಬಿಯಲ್ಲಿ ‘ಮನ್ನ್’ಗೆ ಇನ್ನೊಂದು ಮುಖವಿದೆ, ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಕೇಳದೆ ಕೊಟ್ಟ ಉಪಕಾರಕ್ಕೂ ಮನ್ನ್ ಅನ್ನುತ್ತಾರೆ, ದೇವರಿಗೆ ‘ಅಲ್ ಮನ್ನಾನ್’ ಎಂಬ ಹೆಸರೂ ಉಂಟು. ಆದರೆ ಮನುಷ್ಯ ತಾನು ಮಾಡಿದ ಉಪಕಾರವನ್ನು ಎತ್ತಿ ಎತ್ತಿ ಆಡುವುದಕ್ಕೂ ಅದೇ ಮಾತು. ಹಾಗೆ ಆಡಿ ತೋರಿಸಿ ನಿಮ್ಮ ದಾನವನ್ನು ಹಾಳುಮಾಡಿಕೊಳ್ಳಬೇಡಿ ಎಂದು ಕುರ್‌ಆನಿನ ಎರಡನೇ ಅಧ್ಯಾಯ ಎಚ್ಚರಿಸುತ್ತದೆ. ಯಾವ ಪಕ್ಷದ್ದೇ ಇರಲಿ, ಸಾಲ ಮನ್ನಾದ ಮಾತು ಚುನಾವಣೆಯಿಂದ ಚುನಾವಣೆಗೆ ಮೈಕಿನಲ್ಲಿ ಕೇಳಿಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಬೆಳೆ ಹೋದವನಿಗೆ ಕೊಟ್ಟದ್ದನ್ನು ಅವನ ಮುಂದೆಯೇ ಎಷ್ಟು ಸಲ ಎಣಿಸುವುದು?

ನಮ್ಮ ಮಾತಿನ ದಾರಿ ಬೇರೆ. ಬಸವಕಲ್ಯಾಣದಿಂದ ಆಳಿದ ಚಾಲುಕ್ಯರ ಶಾಸನಗಳಲ್ಲಿ ‘ಮನ್ನೆಯ’ ಅಂದರೆ ನಾಡಿನ ಒಡೆಯ, ಸಂಸ್ಕೃತದ ಮಾನ್ಯದಿಂದ ಬಂದ ಮಾತು. ತೆರಿಗೆ ಬಿಟ್ಟುಕೊಟ್ಟ ಹೊಲಕ್ಕೂ ‘ಮಾನ್ಯ’ ಎಂಬ ಹೆಸರಿತ್ತು. ಪೂರ್ತಿ ಬಿಟ್ಟರೆ ‘ಸರ್ವಮಾನ್ಯ’. ತೆರಿಗೆ ಬಿಡುವುದೂ ಗೌರವಿಸುವುದೂ ಒಂದೇ ಮಾತಿನಲ್ಲಿ ನಡೆಯುತ್ತಿತ್ತು. ‘ಮನ್ನಿಸು’ ಅಂದರೆ ಕ್ಷಮಿಸು, ಗೌರವಿಸು, ಎರಡೂ. ತೆಲುಗಿನ ‘ಮನ್ನಿಂಚು’ ಕೂಡ ಹಾಗೇ. ಕ್ಷಮೆ ನಮ್ಮ ದಿನಬಳಕೆಯಲ್ಲಿ ಉಳಿದುಕೊಂಡಿತು, ಗೌರವ ‘ಮನ್ನಣೆ’ಯೊಳಗೆ ಸೇರಿಕೊಂಡಿತು. ಸಾಲ ಮನ್ನಾ ಅಂದಾಗ ನನ್ನ ಕಿವಿಗೆ ಕೇಳುವುದು ಈ ಮನ್ನಣೆ. ಹೆಸರು ಸಾಲಗಾರರ ಪಟ್ಟಿಯಿಂದ ಕಳೆದ ಮೇಲೆ ಆ ರೈತ ಮುಂದಿನ ಮುಂಗಾರಿಗೆ ಬೀಜ-ಗೊಬ್ಬರದ ಸಾಲ ಕೇಳಲು ಮತ್ತೆ ಸೊಸೈಟಿಯ ಅದೇ ಬಾಗಿಲಿಗೆ ಬರುತ್ತಾನೆ. ಆಗ ಮನ್ನಾದ ಗಿರಾಕಿ ಅಂತ ಹಿಂದಕ್ಕೆ ನಿಲ್ಲಿಸದೆ, “ಬರ್ರಿ ಕಾಕಾ, ಕುಂದುರ್ರಿ” ಅಂತ ಕುರ್ಚಿ ತೋರಿಸಿ, ಬಿತ್ತನೆಯ ಹದ ತಪ್ಪುವ ಮೊದಲು ಅವನ ಕೈಗೆ ದುಡ್ಡು ಕೊಡಬೇಕು.